ಲೋಡಿಂಗ್ ಹೊತ್ತನ್ನ ರೆಸ್ಟ್ ಅನ್ನಬಹುದಾ? ಲಾರಿ ಡ್ರೈವರ್‌ಗಳ ಬಿಡುವಿನ ಬಗ್ಗೆ ಕಾನೂನಿನಲ್ಲಿ ಏನಿದೆ

ಪ್ರಶ್ನೆ: ಸರ್, ನಮಸ್ಕಾರ. ನಾನು ಗಂಗಾವತಿಯಲ್ಲಿ ಲಾರಿ ಡ್ರೈವರ್. ಅಕ್ಕಿ ಲೋಡ್ ತಗೊಂಡು ಬೆಂಗಳೂರಿನ ಯಶವಂತಪುರಕ್ಕೆ ಹೋಗಿಬರುವುದು ನನ್ನ ಕೆಲಸ. ನಮ್ಮ ಮಾಲಕರಿಗೆ ಎಂಟು ಗಾಡಿ ಇವೆ. ಬೆಳಿಗ್ಗೆ 11ಕ್ಕೆ ರೈಸ್ ಮಿಲ್ಲಿನ ಗೇಟಿಗೆ ಗಾಡಿ ಹಚ್ಚಬೇಕು. ಲೋಡ್ ಆಗಿ, ತಾಡಪಾಲು ಕಟ್ಟಿ, ತೂಕ ಮಾಡಿಸಿ ಹೊರಡುವಷ್ಟರಲ್ಲಿ ಸಂಜೆ ಆರೂವರೆ. ರಾತ್ರಿಯೆಲ್ಲ ಓಡಿಸಿ ನಸುಕಿಗೆ ಮುಟ್ಟಬೇಕು. ಅನ್‌ಲೋಡ್ ಆದ ಕೂಡಲೇ ವಾಪಸ್ ಲೋಡ್. ರೆಸ್ಟ್ ಕೇಳಿದರೆ 'ಲೋಡಿಂಗ್ ಟೈಮ್‌ದಾಗ ಮಲ್ಕೊಂಡಿಯಲ್ಲ, ಅದೇ ರೆಸ್ಟು' ಅಂತಾರೆ. ತಡವಾದರೆ ಇ-ವೇ ಬಿಲ್ (ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ಚೀಟಿ) ಅವಧಿ ಮುಗಿದುಹೋಗುತ್ತದೆ ಅಂತ ಹೆದರಿಸುತ್ತಾರೆ. ನಾಲ್ಕೂವರೆ ತಾಸು ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು, ಅದೇ ಕಾನೂನು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಹೌದಾ? ನಿದ್ದೆ ಬಂದಾಗ ಕ್ಲೀನರ್ ಕೈಗೆ ಸ್ಟಿಯರಿಂಗ್ ಕೊಡಬಹುದಾ?

ಉತ್ತರ:

ಮೊದಲು ಆ ವಿಡಿಯೋ ವಿಷಯ ಮುಗಿಸೋಣ. ಅದರಲ್ಲಿ ಹೇಳಿದ್ದು ಸುಳ್ಳಲ್ಲ, ಆದರೆ ನಮ್ಮ ದೇಶದ್ದಲ್ಲ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಅನ್ನೋದು ಯುರೋಪ್ ಒಕ್ಕೂಟ 2006ರಲ್ಲಿ ಮಾಡಿದ ನಿಯಮ. ಬೇಕಾದರೆ ಮೊದಲು 15, ಆಮೇಲೆ 30 ನಿಮಿಷ ಅಂತ ಒಡೆದು ತಗೊಳ್ಳಬಹುದು. ಅಲ್ಲಿ ಲಾರಿಯಲ್ಲಿ ಟ್ಯಾಕೋಗ್ರಾಫ್ ಅನ್ನೋ ಯಂತ್ರ ಇರುತ್ತದೆ. ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು ಎಲ್ಲ ಅದರಲ್ಲಿ ದಾಖಲಾಗುತ್ತದೆ. ಅಮೆರಿಕದ್ದು ಇನ್ನೊಂದು ಲೆಕ್ಕ. ಅಲ್ಲಿ 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು, ಒಟ್ಟು 11 ಗಂಟೆಗಿಂತ ಜಾಸ್ತಿ ಓಡಿಸುವ ಹಾಗಿಲ್ಲ. ಇವೆರಡನ್ನೂ ತಂದು ಕೂಡ್ಲಿಗಿ ರೋಡಿನಲ್ಲಿ ಯಾರ ಮುಂದೆ ಹೇಳಿದರೂ ಪ್ರಯೋಜನವಿಲ್ಲ.

ನಮ್ಮಲ್ಲೂ ಕಾನೂನಿದೆ, ಅದೂ ಹೊಸದೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ (2025ರ ನವೆಂಬರ್‌ನಲ್ಲಿ ಇದು ಹೊಸ ಸಂಹಿತೆಯೊಳಗೆ ಸೇರಿತು, ಅದನ್ನ ಮುಂದೆ ಹೇಳುತ್ತೇನೆ). 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಕೂಡ ಅದನ್ನೇ ತೋರಿಸುತ್ತದೆ: ಸಾರಿಗೆ ವಾಹನ ನಡೆಸುವವರ ಕೆಲಸದ ಹೊತ್ತು 1961ರ ಕಾಯ್ದೆಯಲ್ಲಿ ಇದ್ದಂತೆಯೇ ಇರಬೇಕು ಅಂತ.

ಅದರಲ್ಲಿ ನೀವು ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇಷ್ಟು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಒಂದೇ ಸಮನೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವ ಹಾಗಿಲ್ಲ. ಐದು ಗಂಟೆ ತುಂಬುವುದರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು. ಅವತ್ತಿನ ಕೆಲಸವೇ 6 ಗಂಟೆ ಮೀರದಿದ್ದರೆ ಮಾತ್ರ ಈ ಬಿಡುವು ಕಡ್ಡಾಯವಲ್ಲ. ಇವತ್ತಿನ ಡ್ಯೂಟಿ ಮುಗಿದದ್ದಕ್ಕೂ ನಾಳಿನ ಡ್ಯೂಟಿ ಶುರುವಾಗುವುದಕ್ಕೂ ನಡುವೆ ಕನಿಷ್ಠ 9 ಗಂಟೆ ಬಿಡುವು ಇರಬೇಕು, ಅದೂ ಒಂದೇ ಸಮನೆ. ಮೂರು ತಾಸು ಇಲ್ಲಿ, ಎರಡು ತಾಸು ಅಲ್ಲಿ ಅಂತ ಕೂಡಿಸಿ ಒಂಬತ್ತು ಮಾಡುವುದು ನಡೆಯಲ್ಲ. ಇನ್ನೊಂದು, ಬಹಳ ಜನರಿಗೆ ಗೊತ್ತಿಲ್ಲದ್ದು: ಬಿಡುವೂ ಸೇರಿ ಇಡೀ ದಿನದ ಡ್ಯೂಟಿ ಶುರುವಿನಿಂದ ಕೊನೆಯವರೆಗೆ 12 ಗಂಟೆ ದಾಟಬಾರದು. ಇದಕ್ಕೆ ಸ್ಪ್ರೆಡ್‌ಓವರ್ ಅಂತಾರೆ. ನಿಮ್ಮ ಕೇಸಿನಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ.

ದೂರದ ರೂಟಿಗೆ ಒಂದು ಸಡಿಲಿಕೆ ಇದೆ. ಸಂಬಂಧಪಟ್ಟ ಅಧಿಕಾರಿಯ ಒಪ್ಪಿಗೆ ಪಡೆದು ಮಾಲಕರು 8 ಗಂಟೆ ಮೀರಿ ದುಡಿಸಬಹುದು. ಆಗಲೂ ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆ ಕೊನೇ ಮಿತಿ. ಗಾಡಿ ಕೆಟ್ಟು ನಿಂತರೆ, ರಸ್ತೆ ಬಂದ್ ಆದರೆ, ಹೊಳೆ ಬಂದು ದಾರಿ ಕೊಚ್ಚಿಕೊಂಡು ಹೋದರೆ ಅದಕ್ಕೆ ಬೇರೆ ವಿನಾಯಿತಿ. 'ಪಾರ್ಟಿ ಅರ್ಜೆಂಟ್ ಅಂತ ಫೋನ್ ಮಾಡ್ಯಾರ' ಅನ್ನೋದು ಆ ವಿನಾಯಿತಿಗೆ ಸೇರಲ್ಲ.

ಈಗ ನಿಮ್ಮ ಮಾಲಕರ ವಾದಕ್ಕೆ ಬರೋಣ. ಲೋಡಿಂಗ್ ಹೊತ್ತೇ ರೆಸ್ಟ್ ಅನ್ನೋ ಮಾತನ್ನ ಸಿಂಧನೂರಿನ ಅಕ್ಕಿ ಗಾಡಿಯವರೂ, ರಾಯಚೂರಿನ ಹತ್ತಿ ಗಾಡಿಯವರೂ, ತೋರಣಗಲ್ಲಿನ ಅದಿರು ಲಾರಿಯವರೂ ಕೇಳಿಕೊಂಡೇ ಬಂದಿದ್ದಾರೆ. ಸ್ಟಿಯರಿಂಗ್ ಹಿಡಿದಿದ್ದರೆ ಮಾತ್ರ ಕೆಲಸ, ಉಳಿದದ್ದೆಲ್ಲ ಆರಾಮ ಅನ್ನೋ ಲೆಕ್ಕ. ಕಾನೂನು ಹಾಗೆ ಹೇಳಲ್ಲ. ಮಾಲಕರ ಕೈಕೆಳಗೆ, ಅವರು ಹೇಳಿದ್ದಕ್ಕೆ ತಯಾರಾಗಿ ನೀವು ಎಷ್ಟು ಹೊತ್ತು ಇರುತ್ತೀರೋ ಅಷ್ಟೂ ಕೆಲಸದ ಹೊತ್ತು. ಅದರಲ್ಲಿ ಗಾಡಿ ಓಡುವ ಸಮಯ ಇದೆ, ಅದರ ಜೊತೆಗೆ ಬರುವ ಪೂರಕ ಕೆಲಸವೂ ಇದೆ. ಪೂರಕ ಕೆಲಸ ಅಂದರೆ ಏನು ಅಂತ ಕಾಯ್ದೆಯಲ್ಲೇ ಪಟ್ಟಿ ಕೊಟ್ಟಿದ್ದಾರೆ. ಗಾಡಿ ವಶಕ್ಕೆ ತಗೊಳ್ಳೋದು, ಶೆಡ್ಡಿಗೆ ಹಾಕೋದು, ರಿಪೇರಿ ಮತ್ತು ಮೇಂಟೆನೆನ್ಸ್, ರಿಜಿಸ್ಟರಿಗೆ ಸಹಿ, ಲೆಕ್ಕಪತ್ರ. ಅದೇ ಪಟ್ಟಿಯಲ್ಲಿ ಲೋಡಿಂಗ್ ಮತ್ತು ಅನ್‌ಲೋಡಿಂಗ್ ಅಂತಲೂ ಸ್ಪಷ್ಟವಾಗಿದೆ. ಹಮಾಲರು ಮೂಟೆ ಹೊರುತ್ತಾರೆ, ನೀವು ಹೊರಲ್ಲ, ನಿಜ. ಆದರೆ ಮೂಟೆ ಎಣಿಸೋದು ಯಾರು? ಹಿಂದಿನ ಆಕ್ಸಲ್ ಮೇಲೆ ಭಾರ ಜಾಸ್ತಿ ಬೀಳದ ಹಾಗೆ ನೋಡಿಕೊಳ್ಳೋದು ಯಾರು? ತಾಡಪಾಲು ಎಳೆದು ಹಗ್ಗ ಬಿಗಿಯೋದು, ತೂಕದ ಕಾಟಾಕ್ಕೆ ಗಾಡಿ ಹತ್ತಿಸೋದು, ಗೇಟ್ ಪಾಸ್ ತಗೊಳ್ಳೋದು? ಇದೆಲ್ಲ ಕೆಲಸವೇ.

ಸರದಿಯಲ್ಲಿ ಸುಮ್ನೆ ಕಾಯುವ ಹೊತ್ತು ಮಾತ್ರ ಸ್ವಲ್ಪ ಜಗಳದ ಜಾಗ. ಟರ್ಮಿನಲ್ಲಿನಲ್ಲಿ 15 ನಿಮಿಷಕ್ಕಿಂತ ಕಡಿಮೆ ಕಾದರೆ ಅದು ಕೆಲಸದ ಹೊತ್ತಿಗೇ ಸೇರುತ್ತದೆ ಅಂತ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಕಾದರೆ? ನಾನು ನೋಡುವ ಕ್ರಮ ಹೀಗೆ. ಮಿಲ್ಲಿನವರು ಟೋಕನ್ ಕೊಟ್ಟು '2 ಗಂಟೆಗೆ ಬಾ' ಅಂದರೆ, ನೀವು ಗಾಡಿ ಬೀಗ ಹಾಕಿ ಮನೆಗೆ ಹೋಗಿ ಉಂಡು ಮಲಗಿ ಬರಬಹುದಾದರೆ, ಅದು ಬಿಡುವು. ನಿಮ್ಮ ಹೊತ್ತು ನಿಮ್ಮ ಕೈಯಲ್ಲಿ ಇತ್ತಲ್ಲ. ಅದು ಬಿಟ್ಟು ಹತ್ತು ನಿಮಿಷಕ್ಕೊಮ್ಮೆ ಗಾಡಿ ಮುಂದಕ್ಕೆ ತಗೊಳ್ಳಬೇಕು, ಗೇಟಿನವನು ಕೂಗಿದಾಗ ಕ್ಯಾಬಿನ್‌ನಲ್ಲಿ ಇರಬೇಕು ಅಂದರೆ ಅದು ಡ್ಯೂಟಿ. ಕಣ್ಣು ಮುಚ್ಚಿಕೊಂಡು ಕೂತಿದ್ದರೂ ಡ್ಯೂಟಿಯೇ. ವಾಹನದ ಹತ್ತಿರವೇ ಇರಬೇಕಾದ ಹೊತ್ತನ್ನ ಯಾವ ಸಂದರ್ಭದಲ್ಲಿ ಬಿಡುವು ಅಂತ ಹಿಡಿಯಬೇಕು ಅಂತ ನಿಯಮ ಮಾಡುವ ಅಧಿಕಾರ 91ನೇ ಕಲಂನಲ್ಲಿ ರಾಜ್ಯ ಸರ್ಕಾರಕ್ಕಿದೆ. ಮಾಲಕರಿಗಿಲ್ಲ.

ನಿಮ್ಮ ಒಂದು ದಿನವನ್ನೇ ಬಿಡಿಸಿ ನೋಡೋಣ. 11ಕ್ಕೆ ಗೇಟಿಗೆ ಗಾಡಿ ಹಚ್ಚಿದಿರಿ. ಆರೂವರೆಗೆ ಹೊರಟಿರಿ. ಅಂದರೆ ಚಕ್ರ ಹೈವೇ ಹತ್ತುವ ಮೊದಲೇ ಏಳೂವರೆ ಗಂಟೆ ಆಗಿಹೋಗಿದೆ. ಮಾಲಕರಿಗೇ ಅನುಕೂಲವಾಗುವ ಹಾಗೆ ಲೆಕ್ಕ ಹಾಕೋಣ: 11ರಿಂದ 2ರವರೆಗೆ ನಿಮ್ಮನ್ನ ನಿಜವಾಗಿ ಬಿಟ್ಟಿದ್ದರು, ಲೋಡಿಂಗ್ 2ಕ್ಕೆ ಶುರುವಾಯಿತು ಅಂತ ಇಟ್ಟುಕೊಳ್ಳಿ. ಆಗಲೂ ಆರೂವರೆಗೆ ನಾಲ್ಕೂವರೆ ಗಂಟೆ ಕೆಲಸ ಆಗಿರುತ್ತದೆ. ಅಂದರೆ ಹೊಸಪೇಟೆ ಮುಟ್ಟುವ ಮೊದಲೇ ನಿಮ್ಮ 5 ಗಂಟೆ ತುಂಬಿತು, ಅಲ್ಲಿಗೇ ಅರ್ಧ ಗಂಟೆಯ ಬಿಡುವು ಬಾಕಿ. ಲೋಡ್ ಗಾಡಿ ಸರಾಸರಿ 40 ಕಿ.ಮೀ. ವೇಗದಲ್ಲಿ ಹೋದರೆ, ನಡುವೆ ಅರ್ಧ ಗಂಟೆ ನಿಂತು, ರಾತ್ರಿ 11ಕ್ಕೆ ಕೂಡ್ಲಿಗಿ, ಕಾನಾಹೊಸಹಳ್ಳಿ ದಾಟಿ ಚಿತ್ರದುರ್ಗದ ಹತ್ತಿರ ಇರುತ್ತೀರಿ. ಬೆಳಿಗ್ಗೆ 11ರಿಂದ ರಾತ್ರಿ 11. ಹನ್ನೆರಡು ಗಂಟೆ ಮುಗಿಯಿತು. ಕೆಲಸದ ಹೊತ್ತೂ ಎಂಟೂವರೆ ಗಂಟೆ ಆಯಿತು. ಅಂದರೆ ದೂರದ ರೂಟಿಗೆ ಒಪ್ಪಿಗೆ ಇಲ್ಲದಿದ್ದರೆ ಇನ್ನೂ ಅರ್ಧ ಗಂಟೆ ಮೊದಲೇ ನಿಲ್ಲಬೇಕಿತ್ತು. ಒಪ್ಪಿಗೆ ಇದ್ದರೂ ಚಿತ್ರದುರ್ಗದ ಆಸುಪಾಸಿನಲ್ಲಿ ಗಾಡಿ ಬದಿಗೆ ಹಾಕಿ, ಮತ್ತೆ ಸ್ಟಿಯರಿಂಗ್ ಹಿಡಿಯೋದು ಬೆಳಿಗ್ಗೆ 8ಕ್ಕೆ. ಯಶವಂತಪುರ ಮುಟ್ಟೋದು ಮಧ್ಯಾಹ್ನ. ಹಗಲಲ್ಲಿ ಬೆಂಗಳೂರಿನೊಳಗೆ ಭಾರಿ ಗಾಡಿಗಳಿಗೆ ನಿರ್ಬಂಧದ ಹೊತ್ತು ಇರುತ್ತದಲ್ಲ, ಅದನ್ನೂ ನೋಡಿಕೊಂಡು ಪ್ಲಾನ್ ಮಾಡಬೇಕು. ಇದಕ್ಕೆ ಒಪ್ಪದ ಮಾಲಕರು ಎರಡರಲ್ಲಿ ಒಂದು ಮಾಡಬಹುದು. ಲೋಡ್ ಮಾಡಿಸೋಕೆ ಒಬ್ಬ, ಓಡಿಸೋಕೆ ಒಬ್ಬ. ಇಲ್ಲವೇ ಚಿತ್ರದುರ್ಗದಲ್ಲೋ ಹಿರಿಯೂರಿನಲ್ಲೋ ಡ್ರೈವರ್ ಬದಲಿಸೋದು. ಎಂಟು ಗಾಡಿ ಇರುವವರಿಗೆ, ಹೋಗುವ ಗಾಡಿ ಬರುವ ಗಾಡಿ ನಡುದಾರಿಯಲ್ಲಿ ಸಿಗುವ ಹಾಗೆ ಹೊಂದಿಸುವುದು ಅಷ್ಟೇನೂ ಕಷ್ಟವಲ್ಲ.

ಹಿಂದೆ ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಲೇಬೇಕು ಅಂತ ನಿಯಮ ಇತ್ತು. 2018ರಲ್ಲಿ ಅದನ್ನ ತೆಗೆದರು. ಹೇಗೂ ಯಾರೂ ಪಾಲಿಸುತ್ತಿರಲಿಲ್ಲ ಅನ್ನೋದು ಒಂದು ಮಾತು. ಆದರೆ ಇಬ್ಬರು ಡ್ರೈವರ್ ನಿಯಮ ಹೋಯಿತು ಅಂದರೆ ಒಬ್ಬನೇ ಇಬ್ಬರ ಹೊತ್ತು ಓಡಿಸಬಹುದು ಅಂತ ಅರ್ಥವಲ್ಲ. ಗಂಟೆಯ ಮಿತಿ ಹಾಗೇ ಇದೆ.

'ನಮ್ಮದು ಸಣ್ಣ ವ್ಯವಹಾರ, ಆ ಕಾಯ್ದೆ ನಮಗೆ ಬರಲ್ಲ' ಅಂತ ಮಾಲಕರು ಹೇಳಬಹುದು. 1961ರ ಕಾಯ್ದೆ 5 ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. 2020ರಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಅಂತ ಸಂಸತ್ತು ಮಾಡಿತಲ್ಲ, ಅದು ಈ ಹಳೇ ಕಾಯ್ದೆಯನ್ನ ತನ್ನೊಳಗೆ ಸೇರಿಸಿಕೊಂಡಿದೆ. ಕೇಂದ್ರ ಸರ್ಕಾರ ಅದನ್ನ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ಅದರಲ್ಲಿ ಸಾರಿಗೆ ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ಕಾರ್ಮಿಕರು ಇರಬೇಕು. ಆದರೆ ಎಣಿಸುವಾಗ ಡ್ರೈವರ್‌ಗಳನ್ನ ಮಾತ್ರ ಎಣಿಸಬೇಡಿ. ಕ್ಲೀನರ್, ಬುಕಿಂಗ್ ಕ್ಲರ್ಕ್, ಕ್ಯಾಶ್ ಕ್ಲರ್ಕ್, ಟೈಮ್‌ಕೀಪರ್, ಶೆಡ್ ಕಾಯುವ ವಾಚ್‌ಮನ್, ಎಲ್ಲರೂ ಮೋಟಾರು ಸಾರಿಗೆ ಕಾರ್ಮಿಕರೇ. ಎಂಟು ಗಾಡಿಗೆ ಎಂಟು ಡ್ರೈವರ್, ಮೂರು ಜನ ಕ್ಲೀನರ್, ಆಫೀಸಿನಲ್ಲಿ ಒಬ್ಬರು ಅಂದರೂ ಹನ್ನೆರಡಾಯಿತು. ಇನ್ನು 91ನೇ ಕಲಂ ಇದೆಯಲ್ಲ, ಅದರಲ್ಲಿ ಇಷ್ಟು ಜನ ಇರಬೇಕು ಅನ್ನೋ ಮಾತೇ ಇಲ್ಲ.

ಹೊಸ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯೇ. ವಾರಕ್ಕೆ 6 ದಿನ. ಸೇವೆ ನಿಂತುಹೋಗದಿರಲಿ ಅಂತ ರಜೆ ದಿನವೂ ದುಡಿಸಿದರೆ, ಯಾವ ಕಾರಣಕ್ಕೂ ಸತತ 10 ದಿನ ಮೀರಬಾರದು. ಲೋಡಿಂಗ್‌ನಂಥ ಪೂರಕ ಕೆಲಸ ಅಲ್ಲೂ ಕೆಲಸದ ಹೊತ್ತೇ. ನಡುವಿನ ಬಿಡುವು, ಸ್ಪ್ರೆಡ್‌ಓವರ್ ಎಷ್ಟಿರಬೇಕು ಅನ್ನೋದನ್ನ ಸರ್ಕಾರ ಅಧಿಸೂಚನೆ ಹೊರಡಿಸಿ ಹೇಳಬೇಕು ಅಂತ ಸಂಹಿತೆ ಬಿಟ್ಟುಕೊಟ್ಟಿದೆ. ಹಾಗಾಗಿ ಕಾರ್ಮಿಕ ಇಲಾಖೆಗೆ ಹೋದಾಗ ಈ ಎರಡರ ಅಧಿಸೂಚನೆಯನ್ನ ಹೆಸರು ಹಿಡಿದು ಕೇಳಿ. 91ನೇ ಕಲಂ 1961ರ ಕಾಯ್ದೆಯನ್ನೇ ಹೆಸರಿಸುವುದರಿಂದ ಮೇಲಿನ ಲೆಕ್ಕವನ್ನೆಲ್ಲ ನಾನು ಆ ಅಂಕಿಗಳಲ್ಲೇ ಹಾಕಿದ್ದೇನೆ. ಸಂಹಿತೆಯಿಂದ ನಿಮಗೆ ಸಿಕ್ಕ ಒಂದು ಒಳ್ಳೇದು ಅಂದರೆ ನೇಮಕಾತಿ ಪತ್ರ. ಕೆಲಸಗಾರನಿಗೆ ಬರವಣಿಗೆಯಲ್ಲಿ ಅದನ್ನ ಕೊಡಲೇಬೇಕು. ಬಾಯಿಮಾತಿನ ಮೇಲೆ ಕೆಲಸಕ್ಕೆ ಸೇರಿದ ಡ್ರೈವರ್ ನಾಳೆ ಏನಾದರೂ ಆದರೆ 'ಇವನು ನಮ್ಮವನೇ ಅಲ್ಲ' ಅನ್ನಿಸಿಕೊಳ್ಳುತ್ತಾನೆ. ಅದನ್ನ ಮೊದಲು ಕೇಳಿ ತಗೊಳ್ಳಿ.

ದುಡ್ಡಿನ ವಿಷಯ. ನೀವು ಬರೆದಿಲ್ಲ, ಆದರೆ ನಿದ್ದೆ ಕೆಡಿಸೋದು ಮುಖ್ಯವಾಗಿ ಟ್ರಿಪ್ ಲೆಕ್ಕದ ಬತ್ತಾ ಅಂತ ನನಗನ್ನಿಸುತ್ತದೆ. ಟ್ರಿಪ್ಪಿಗೆ ಇಷ್ಟು ಅಂತ ಮಾತಾದರೆ ನಿಂತ ಪ್ರತಿ ಗಂಟೆಯೂ ನಿಮ್ಮ ಕಿಸೆಯಿಂದಲೇ ಹೋದ ಹಾಗೆ ಕಾಣುತ್ತದೆ. ಆಗ ಮಾಲಕರು ಒತ್ತಾಯ ಮಾಡುವುದೂ ಬೇಡ, ನಾವೇ ಓಡಿಸಿಬಿಡುತ್ತೇವೆ. ಕಾನೂನಿನಲ್ಲಿ 8 ಗಂಟೆ ಮೀರಿದ ಕೆಲಸಕ್ಕೆ ಎರಡು ಪಟ್ಟು ಕೂಲಿ. ವಾರದ ರಜೆ ದಿನ ದುಡಿಸಿದರೂ ಅಷ್ಟೇ. ಲೆಕ್ಕಕ್ಕೆ ತಿಂಗಳಿಗೆ 18,000 ರೂಪಾಯಿ ಅಂತ ಇಟ್ಟುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ ಅಂದರೆ 208 ಗಂಟೆ. ಗಂಟೆಗೆ ಸುಮಾರು 86 ರೂಪಾಯಿ 50 ಪೈಸೆ. ಓಟಿ (ಓವರ್‌ಟೈಮ್) ಆದರೆ ಗಂಟೆಗೆ 173. ನೀವು ಈಗ ಲೋಡಿಂಗಿನಲ್ಲಿ ಕಳೆಯುವ ಹೊತ್ತನ್ನ ಈ ದರದಲ್ಲಿ ಒಂದು ಸಲ ಗುಣಿಸಿ ನೋಡಿ. ಆಮೇಲೆ ಬತ್ತಾ ದೊಡ್ಡದೋ ಸಣ್ಣದೋ ಗೊತ್ತಾಗುತ್ತದೆ. ಆದರೆ ಒಂದು ಎಚ್ಚರಿಕೆ. ಓಟಿ ಕೊಡುತ್ತೇನೆ ಅಂದ ಮಾತ್ರಕ್ಕೆ 10 ಗಂಟೆ ದಾಟಿಸುವ ಹಕ್ಕು ಮಾಲಕರಿಗೆ ಬರಲ್ಲ.

ಇ-ವೇ ಬಿಲ್ ಹೆದರಿಕೆ ಖಾಲಿ ಹೆದರಿಕೆ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನ, ಮುಂದಿನ ಪ್ರತಿ 200 ಕಿ.ಮೀ.ಗೆ ಅಥವಾ ಅದರ ಭಾಗಕ್ಕೆ ಇನ್ನೊಂದು ದಿನ. ಗಂಗಾವತಿಯಿಂದ ಬೆಂಗಳೂರು 200 ದಾಟುತ್ತದೆ, 400 ಮುಟ್ಟಲ್ಲ. ಅಂದರೆ 2 ದಿನ. ಮೊದಲ ದಿನ ಮುಗಿಯೋದೇ ಬಿಲ್ ಮಾಡಿದ ಮರುದಿನದ ನಡುರಾತ್ರಿಗೆ. ಸೋಮವಾರ ಸಂಜೆ ಬಿಲ್ ಆದರೆ ಬುಧವಾರ ರಾತ್ರಿ 12ರವರೆಗೆ ನಡೆಯುತ್ತದೆ. ಚಿತ್ರದುರ್ಗದಲ್ಲಿ ಒಂಬತ್ತು ಗಂಟೆ ಮಲಗಿ ಎದ್ದು ಹೋದರೂ ಮಂಗಳವಾರವೇ ಮುಟ್ಟುತ್ತೀರಿ. ಗಾಡಿ ಕೆಟ್ಟು ಅವಧಿ ಮುಗಿಯುವ ಹಾಗಾದರೂ, ಮುಗಿದ 8 ಗಂಟೆಯೊಳಗೆ ಅವಧಿ ವಿಸ್ತರಿಸಿಕೊಳ್ಳೋಕೆ ಅವಕಾಶ ಇದೆ. ಅದನ್ನ ಆಫೀಸಿನಲ್ಲಿ ಕೂತವರು ಮಾಡಬೇಕು, ನೀವಲ್ಲ.

ಕಾನೂನು ಒಂದು ಕಡೆ ಇರಲಿ, ಮೈ ಏನು ಹೇಳುತ್ತದೆ ನೋಡಿ. ಬೆಳಿಗ್ಗೆ 6ಕ್ಕೆ ಎದ್ದವರು ನೀವು ಅಂದುಕೊಳ್ಳೋಣ. ರಾತ್ರಿ 11ಕ್ಕೆ 17 ಗಂಟೆ ಎಚ್ಚರ. ನಿದ್ದೆ ಮೇಲೆ ಕೆಲಸ ಮಾಡಿದವರು ಇದನ್ನ ಅಳೆದು ನೋಡಿದ್ದಾರೆ. 17 ಗಂಟೆ ಎಚ್ಚರವಿದ್ದವನ ಕೈ, ಕಣ್ಣು ಕೆಲಸ ಮಾಡುವ ವೇಗ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವನ ಹಾಗೆ ಆಗಿರುತ್ತದೆ. ನಮ್ಮ ದೇಶದಲ್ಲಿ ಕುಡಿದು ಓಡಿಸಿದ ಕೇಸ್ ಆಗೋದು 30 ಮಿಲಿಗ್ರಾಂ ದಾಟಿದರೆ. ಒಂದು ಹನಿ ಕುಡಿಯದೆ ನೀವು ಅದನ್ನ ದಾಟಿರುತ್ತೀರಿ, ಮೆಷಿನ್ ಊದಿದರೆ ಮಾತ್ರ ಸೊನ್ನೆ ತೋರಿಸುತ್ತದೆ. ನಸುಕಿನ 2ರಿಂದ 6ರವರೆಗೆ ದೇಹದ ಗಡಿಯಾರ ತಾನೇ ಕೆಳಗೆ ಇಳಿಯುತ್ತದೆ. ಆಗ ರೆಪ್ಪೆ ಮುಚ್ಚದೆಯೂ ಮೂರು ನಾಲ್ಕು ಸೆಕೆಂಡಿನ ತೂಕಡಿಕೆ ಬಂದು ಹೋಗುತ್ತದೆ. ಬಂದದ್ದು ನಿಮಗೇ ಗೊತ್ತಾಗಲ್ಲ. 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡಿಗೆ ಗಾಡಿ 65 ಮೀಟರ್‌ಗಿಂತ ಜಾಸ್ತಿ ಹೋಗಿರುತ್ತದೆ. ಮುಂದೆ ಟೈಲ್ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರಾಲಿ ಇದ್ದರೆ? ಸಿರುಗುಪ್ಪ, ಸಿಂಧನೂರು ಕಡೆ ಭತ್ತದ ಸುಗ್ಗಿಯಲ್ಲಿ ಅದು ಇದ್ದೇ ಇರುತ್ತದೆ.

ಕಿಟಕಿ ತೆಗೆಯೋದು, ಹಾಡು ಜೋರು ಮಾಡೋದು, ಗುಟ್ಕಾ ಅಗಿಯೋದು, ಇವು ಯಾವುವೂ ನಿದ್ದೆಯನ್ನ ತಡೆಯಲ್ಲ. ಸ್ವಲ್ಪ ಹೊತ್ತು ಮರೆಸುತ್ತವೆ ಅಷ್ಟೇ. ಚಹಾ, ಕಾಫಿ ಕುಡಿದರೆ ಅದು ಏರೋಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯ ಬಿಡುವನ್ನ ಹೀಗೆ ಬಳಸಿ ನೋಡಿ: ಇಳಿದು ಮುಖ ತೊಳೆದು, ಸ್ಟ್ರಾಂಗ್ ಚಹಾ ಕುಡಿದು, ತಕ್ಷಣ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಚಹಾವೂ ಏರಿರುತ್ತದೆ. ಎದ್ದ ಕೂಡಲೇ ಗೇರ್ ಹಾಕಬೇಡಿ. ಒಂದು ಸುತ್ತು ಗಾಡಿ ಸುತ್ತ ನಡೆದು, ಟೈರು ಬಡಿದು ನೋಡಿ, ಹಗ್ಗ ಎಳೆದು ನೋಡಿ, ಆಮೇಲೆ ಹತ್ತಿ. ಇದು ನಡುವಿನ ಬಿಡುವಿಗೆ ಮಾತ್ರ. ರಾತ್ರಿ ನಿದ್ದೆಗೆ ಬದಲಿ ಅಲ್ಲ.

ಎಲ್ಲಿ ನಿಲ್ಲಿಸೋದು ಅನ್ನೋದು ನಿಜವಾದ ತೊಂದರೆ. ಕಾನೂನು ಒಂಬತ್ತು ಗಂಟೆ ಅಂದಿತು, ಜಾಗ ತೋರಿಸಲಿಲ್ಲ. ಹೈವೇ ಅಂಚಿನಲ್ಲಿ ಅರ್ಧ ಟೈರು ಮಣ್ಣಿಗೆ, ಅರ್ಧ ಡಾಂಬರಿಗೆ ಹಾಕಿ ಮಲಗೋದು ಮಾತ್ರ ಬೇಡ. ಹಿಂದಿನಿಂದ ಬರುವವನಿಗೂ ನಿದ್ದೆ ಇರುತ್ತದೆ. ಅಪಾಯವಾಗುವ ಹಾಗೆ ಗಾಡಿ ನಿಲ್ಲಿಸೋದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ ತಪ್ಪು ಕೂಡ. ಟ್ರಕ್ ಲೇ-ಬೈ (ಹೈವೇ ಪಕ್ಕ ಲಾರಿ ನಿಲ್ಲಿಸೋಕೆ ಮಾಡಿದ ಜಾಗ), ಟೋಲ್ ಹತ್ತಿರದ ಪಾರ್ಕಿಂಗ್, ದೊಡ್ಡ ಢಾಬಾ ಅಂಗಳ, ಪೆಟ್ರೋಲ್ ಬಂಕ್ ನೋಡಿಕೊಳ್ಳಿ. ಸರ್ಕಾರಿ ತೈಲ ಕಂಪನಿಗಳು ಕೆಲವು ಬಂಕ್‌ಗಳಲ್ಲಿ 'ಅಪ್ನಾ ಘರ್' ಅಂತ ಲಾರಿ ಡ್ರೈವರ್‌ಗಳಿಗೇ ಮಲಗುವ ಕೋಣೆ, ಸ್ನಾನದ ಮನೆ ಮಾಡಿವೆ. ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಬಹುದು. ನಿಮ್ಮ ರೂಟಿನಲ್ಲಿ ಎಲ್ಲಿದೆ ಅಂತ ಒಮ್ಮೆ ನೋಡಿಟ್ಟುಕೊಂಡರೆ ಕೆಲಸಕ್ಕೆ ಬರುತ್ತದೆ. ನ್ಯಾಷನಲ್ ಹೈವೇ ಮೇಲೆ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಿ.

ಹಗಲು ಮಲಗಬೇಕಾದವರ ಪಾಡು ಇನ್ನೂ ಕಷ್ಟ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಕ್ಯಾಬಿನ್ ಅಂದರೆ ಒಲೆ. ಅಲ್ಲಿ ಒಂಬತ್ತು ಗಂಟೆ ಬಿದ್ದುಕೊಂಡಿದ್ದರೂ ನಿದ್ದೆ ಎರಡು ಗಂಟೆಯೂ ಆಗಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆಲ್ಲ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ಹಳೇ ಗಾಡಿಗೆ ಇದು ಅನ್ವಯಿಸಲ್ಲ, ಹಾಗಾಗಿ ನಮ್ಮ ಕಡೆ ಇದರ ತಂಪು ತಟ್ಟೋಕೆ ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಬೇವಿನ ಮರದ ಕೆಳಗಿನ ಢಾಬಾ ಮಂಚವೇ ಗತಿ.

ಸಂಡೂರು, ದೋಣಿಮಲೈ ಕಡೆಯಿಂದ ತೋರಣಗಲ್ಲಿಗೆ ಅದಿರು ಹೊಡೆಯುವವರೂ ಶಕ್ತಿನಗರದಿಂದ ಬೂದಿ ಬಲ್ಕರ್ (ಟ್ಯಾಂಕರ್ ಲಾರಿ) ಓಡಿಸುವವರೂ ಇದನ್ನ ಓದುತ್ತಿದ್ದರೆ ಒಂದು ಮಾತು. ನಿಮ್ಮದು ಸಣ್ಣ ಟ್ರಿಪ್, ಅದಕ್ಕೆ ಈ ನಿಯಮ ಬೇಡ ಅಂತ ಇಲ್ಲ. ಒಂದೇ ಸಮನೆ 5 ಗಂಟೆ ಓಡಿಸೋದು ನಿಮಗೆ ಅಪರೂಪ ಇರಬಹುದು. ಆದರೆ ಗೇಟಿನ ಸಾಲಿನಲ್ಲಿ ಇಂಚು ಇಂಚು ಸರಿಯುವ ಹೊತ್ತೂ ಸೇರಿದರೆ 12 ಗಂಟೆಯ ಮಿತಿ ಸುಲಭವಾಗಿ ಒಡೆಯುತ್ತದೆ.

ಇನ್ನು ನೀವು ಮಾಡಬೇಕಾದ್ದು. ಒಂದು ಡೈರಿ ಇಡಿ. ಹತ್ತು ರೂಪಾಯಿ ನೋಟ್‌ಬುಕ್ ಸಾಕು. ತಾರೀಕು, ಗಾಡಿ ನಂಬರ್, ಗೇಟಿಗೆ ಬಂದ ಹೊತ್ತು, ಲೋಡ್ ಶುರು, ಲೋಡ್ ಮುಗಿದದ್ದು, ಹೊರಟದ್ದು, ಎಲ್ಲಿ ಎಷ್ಟು ಹೊತ್ತು ನಿಂತಿರಿ, ಮುಟ್ಟಿದ್ದು, ಅನ್‌ಲೋಡ್ ಮುಗಿದದ್ದು. ಇಷ್ಟನ್ನ ಅವತ್ತಿನದು ಅವತ್ತೇ ಬರೆಯಬೇಕು. ತಿಂಗಳ ಕೊನೆಗೆ ನೆನಪಿನಿಂದ ತುಂಬಿದ ಡೈರಿ ಒಂದೇ ಪೆನ್ನಿನ ಬಣ್ಣದಲ್ಲಿ ಸಿಕ್ಕಿಬೀಳುತ್ತದೆ. ಗೇಟ್ ಪಾಸ್, ಕಾಟಾ ಚೀಟಿಯ ಮೇಲೆ ಸಮಯ ಅಚ್ಚಾಗಿರುತ್ತದೆ. ಅವುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಟೋಲ್ ದಾಟಿದ ಹೊತ್ತು ಫಾಸ್ಟ್ಯಾಗ್‌ನಲ್ಲಿ ಉಳಿಯುತ್ತದೆ, ಜಿಪಿಎಸ್ ಇದ್ದರೆ ಅದರಲ್ಲೂ ಇರುತ್ತದೆ. ಇವು ಮಾಲಕರ ಕೈಯಲ್ಲೇ ಇರುವ ದಾಖಲೆಗಳು. ನಿಮ್ಮ ಡೈರಿ ಅವಕ್ಕೆ ತಾಳೆಯಾದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮೊದಲು ಮಾಲಕರ ಹತ್ತಿರ ಕೂತು ಮಾತಾಡಿ. ಒಬ್ಬರೇ ಬೇಡ, ನಿಮ್ಮ ಗಾಡಿಗಳ ಡ್ರೈವರ್‌ಗಳೆಲ್ಲ ಸೇರಿ ಹೋಗಿ. ನಾಲ್ಕು ದಿನದ ಡೈರಿ ಅವರ ಮುಂದೆ ಇಡಿ. 'ಧಣೇರ, ಗಾಡಿ ನಿಮ್ಮದು, ಸರಕು ನಿಮ್ಮ ಪಾರ್ಟಿದು, ಉರುಳಿದರೆ ಎರಡೂ ಹೋಗ್ತಾವ' ಅಂದರೆ ಅರ್ಥವಾಗದ ಮಾಲಕರು ಕಡಿಮೆ. ಮಿತಿ ಮೀರಿ ದುಡಿಯುವುದಷ್ಟೇ ಅಲ್ಲ, ದುಡಿಸುವುದೂ, ದುಡಿಯೋಕೆ ಬಿಡುವುದೂ ತಪ್ಪು ಅಂತ 91ನೇ ಕಲಂ ಹೇಳುತ್ತದೆ ಅನ್ನೋದನ್ನೂ ತಿಳಿಸಿ. ಕೇಳದಿದ್ದರೆ ಕೊಪ್ಪಳದ ಕಾರ್ಮಿಕ ಇಲಾಖೆಗೆ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಹಳೇ ಕಾಯ್ದೆಯ ದಂಡ 500 ರೂಪಾಯಿ ಅಂತ ನಗುತ್ತಿದ್ದ ಕಾಲ ಇತ್ತು. ಹೊಸ ಸಂಹಿತೆಯಲ್ಲಿ ದಂಡ ಲಕ್ಷದ ಲೆಕ್ಕಕ್ಕೆ ಏರಿದೆ. ನಿಜ ಹೇಳಬೇಕು ಅಂದರೆ ಈ ಗಂಟೆಯ ನಿಯಮ ನೆಲದ ಮೇಲೆ ಜಾರಿಯಾದದ್ದು ಬಹಳ ಕಡಿಮೆ. ಸುಪ್ರೀಂ ಕೋರ್ಟೇ 2025ರಲ್ಲಿ ಇದನ್ನ ಕೈಗೆತ್ತಿಕೊಂಡು, ಎಲ್ಲ ರಾಜ್ಯಗಳ ಜೊತೆ ಕೂತು ಜಾರಿಯ ದಾರಿ ಹುಡುಕಿ ಅಂತ ಕೇಂದ್ರಕ್ಕೆ ಹೇಳಬೇಕಾಯಿತು.

ಮಾಲಕರು ಹೇಳಿದರು ಅಂತ ಓಡಿಸಿದೆ ಅನ್ನೋದು ಕ್ರಿಮಿನಲ್ ಕೇಸಿನಲ್ಲಿ ನಿಮ್ಮನ್ನ ಕಾಪಾಡಲ್ಲ. ತೂಕಡಿಸಿ ಯಾರದಾದರೂ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಕೇಸು ಬೀಳೋದು ಸ್ಟಿಯರಿಂಗ್ ಹಿಡಿದವನ ಮೇಲೆ. 5 ವರ್ಷದವರೆಗೆ ಶಿಕ್ಷೆ ಇದೆ. ಪರಿಹಾರದ ದುಡ್ಡು ವಿಮೆ ಕಂಪನಿಯೋ ಮಾಲಕರೋ ಕಟ್ಟಬಹುದು, ಜೈಲಿಗೆ ಬದಲಿ ಆಳು ಹೋಗೋಕೆ ಬರಲ್ಲ. ಕಣ್ಣು ಎಳೆಯುತ್ತಿದೆ ಅಂತ ಅನ್ನಿಸಿದಾಗ ಫೋನ್ ಮಾಡಿ ಪರ್ಮಿಷನ್ ಕೇಳೋದೂ ಬೇಡ. ನಿಲ್ಲಿಸಿ, ಆಮೇಲೆ 'ಇಂಥಲ್ಲಿ ನಿಂತಿದ್ದೇನೆ, ಇಷ್ಟು ಹೊತ್ತಿಗೆ ಹೊರಡುತ್ತೇನೆ' ಅಂತ ವಾಟ್ಸಾಪ್‌ನಲ್ಲಿ ಹಾಕಿ. ಅದೂ ಒಂದು ದಾಖಲೆಯೇ.

ವಾಪಸ್ ಲೋಡಿಗೂ ಇದೇ ಲೆಕ್ಕ. ಯಶವಂತಪುರದಲ್ಲಿ ಅನ್‌ಲೋಡ್ ಮುಗಿದು ಗಾಡಿ ಬದಿಗೆ ಹಾಕಿದಾಗ ಅವತ್ತಿನ ಡ್ಯೂಟಿಯ ಮಿತಿ ತುಂಬಿದ್ದರೆ, ಅಲ್ಲಿಂದ ಒಂಬತ್ತು ಗಂಟೆ ಎಣಿಸಿ. ಆಮೇಲೆ ಮುಂದಿನ ಲೋಡ್.

ಕೊನೆಗೆ ಕ್ಲೀನರ್ ವಿಷಯ. ಅವನ ಹತ್ತಿರ ಆ ಗಾಡಿಗೆ ಬೇಕಾದ ಸಾರಿಗೆ ವಾಹನದ ಲೈಸೆನ್ಸ್ ಇದ್ದು, ಮಾಲಕರು ಅವನನ್ನ ಎರಡನೇ ಡ್ರೈವರ್ ಅಂತಲೇ ಇಟ್ಟುಕೊಂಡಿದ್ದರೆ ಕೊಡಿ, ಆದರೆ ಅವನ ಗಂಟೆಗಳನ್ನೂ ಎಣಿಸಿ. ಇಡೀ ಹಗಲು ನಿಮ್ಮ ಜೊತೆ ತಾಡಪಾಲು ಎಳೆದವನು ಅವನೇ, ಅವನಿಗೂ ನಿದ್ದೆ ಆಗಿರಲ್ಲ. ಲೈಸೆನ್ಸ್ ಇಲ್ಲದಿದ್ದರೆ ಖಾಲಿ ರೋಡ್ ಇದ್ದರೂ ಕೊಡಬೇಡಿ. ಓಡಿಸಿದ ಅವನಿಗೆ 5,000 ರೂಪಾಯಿ ದಂಡ, ಗಾಡಿ ಕೊಟ್ಟ ಮಾಲಕರಿಗೆ ಅಥವಾ ವಶದಲ್ಲಿ ಇಟ್ಟುಕೊಂಡ ನಿಮಗೆ ಬೇರೆ 5,000. ಅಪಘಾತವಾದರೆ ವಿಮೆ ಕಂಪನಿ ಸಂತ್ರಸ್ತರಿಗೆ ಕಟ್ಟಿದ ದುಡ್ಡನ್ನ ಮಾಲಕರಿಂದ ವಾಪಸ್ ವಸೂಲಿ ಮಾಡೋಕೆ ಬರುತ್ತದೆ. ಅವನು ಡ್ರೈವರ್ ಆಗಬೇಕು ಅಂತಿದ್ದರೆ ಲೈಸೆನ್ಸ್ ಮಾಡಿಸೋಕೆ ಮಾಲಕರಿಗೇ ಹೇಳಿ. ನಿಮ್ಮ ಗಾಡಿಗೆ ಎರಡನೇ ಡ್ರೈವರ್ ಸಿಕ್ಕ ಹಾಗೂ ಆಗುತ್ತದೆ.